ಸೈಕಲ್ಲಿನ ಲೆಕ್ಕ ಅಂಗಡಿಯಲ್ಲಲ್ಲ, ಅಡ್ಡರಸ್ತೆಯಲ್ಲಿ

ವರ್ಷ ಮುಗಿಯುತ್ತ ಬಂದಂತೆ ದಕ್ಷಿಣ ಬೆಂಗಳೂರಿನ ಸೈಕಲ್ ಪ್ರಿಯರ ನಡುವೆ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಈ ವರ್ಷ ಕೊಂಡದ್ದರಲ್ಲಿ ಯಾವುದು ಗೆದ್ದಿತು, ಯಾವುದು ಕೈಕೊಟ್ಟಿತು? ಟ್ಯೂಬ್‌ಲೆಸ್ ಟೈರು ಮಳೆಗಾಲ ತಾಳಿತೇ? ಎಲೆಕ್ಟ್ರಾನಿಕ್ ಗೇರು ಕೊಟ್ಟ ದುಡ್ಡಿಗೆ ಬೆಲೆ ತಂದಿತೇ? ಗಡುವಿನೊಳಗೆ ತುಳಿಯಬೇಕಾದ 200 ಕಿ.ಮೀ. ಬ್ರೆವೆ ಮುಗಿಯಿತೇ, ನಂದಿ ಬೆಟ್ಟದ ಏರಿನಲ್ಲಿ ಎಷ್ಟು ಸೆಕೆಂಡು ಉಳಿಯಿತು? ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಭಾನುವಾರದ ದರ್ಶಿನಿ ಕಾಫಿಯ ಸುತ್ತ ನಡೆಯುವ ಮಾತು ಬಹುಪಾಲು ಇದೇ. ಮಾತಿನಲ್ಲಿ ದೋಷವಿಲ್ಲ, ದೋಷವಿರುವುದು ಅದರ ಅಡಿಯಲ್ಲಿರುವ ನಂಬಿಕೆಯಲ್ಲಿ. ಸಲಕರಣೆ ಸುಧಾರಿಸಿದರೆ ಸವಾರಿ ಸುಧಾರಿಸುತ್ತದೆ, ಸವಾರಿ ಸುಧಾರಿಸಿದರೆ ಸವಾರರು ಹೆಚ್ಚುತ್ತಾರೆ, ಸವಾರರು ಹೆಚ್ಚಿದರೆ ಊರು ತಾನಾಗಿ ದಾರಿಗೆ ಬರುತ್ತದೆ ಎಂಬುದು ಆ ನಂಬಿಕೆ. ಇದರಲ್ಲಿ ಮೊದಲ ಮಾತು ಅರ್ಧ ನಿಜ, ಎರಡನೆಯದಕ್ಕೆ ಆಧಾರವಿಲ್ಲ, ಮೂರನೆಯದು ನಮ್ಮ ಊರಿನಲ್ಲಿ ನಡೆದಿಲ್ಲ. ಸೈಕಲ್ಲಿನ ಸೋಲು ಗೆಲುವನ್ನು ಅಳೆಯಬೇಕಾದ ಪ್ರಶ್ನೆ ಬೇರೆ ಇದೆ: ವಾರದ ನಡುವಿನ ಒಂದು ದಿನ, ಬೆಳಿಗ್ಗೆ ಒಂಬತ್ತು ಗಂಟೆಗೆ, ಮನೆಯಿಂದ ಮೂರು ಕಿಲೋಮೀಟರ್ ದೂರದ ಶಾಲೆಗೋ ಆಫೀಸಿಗೋ ಮೆಟ್ರೋ ನಿಲ್ದಾಣಕ್ಕೋ ಸೈಕಲ್ಲಿನಲ್ಲಿ ಹೋಗಬಲ್ಲವರು ಹೆಚ್ಚಾದರೇ? ಈ ಪ್ರಶ್ನೆ ಕೇಳಿದ ಕೂಡಲೇ ಗೆದ್ದವುಗಳ ಪಟ್ಟಿಯಿಂದ ಬಹಳಷ್ಟು ಹೆಸರು ಉದುರುತ್ತವೆ.

ಸಲಕರಣೆಯ ಪರವಾದ ವಾದವನ್ನು ಅದರ ಗಟ್ಟಿ ನೆಲೆಯಲ್ಲಿಯೇ ನೋಡೋಣ. ಹಗುರವಾದ ಸೈಕಲ್ ವೇಗವಾಗಿ ಹೋಗುತ್ತದೆ ಎನ್ನುತ್ತಾರೆ. 75 ಕಿಲೋ ತೂಗುವ ಸವಾರ 12 ಕಿಲೋ ತೂಕದ ಅಲ್ಯುಮಿನಿಯಂ ಸೈಕಲ್ ಬಿಟ್ಟು 8 ಕಿಲೋದ ಕಾರ್ಬನ್ ಸೈಕಲ್ ಹತ್ತಿದನೆನ್ನಿ. ಒಟ್ಟು ಭಾರ 87ರಿಂದ 83 ಕಿಲೋಗೆ ಇಳಿಯಿತು, ಎಂದರೆ ಶೇ. 5ಕ್ಕಿಂತ ಕಡಿಮೆ. ಅರ್ಧ ಗಂಟೆ ಹಿಡಿಯುವ ಕಡಿದಾದ ಏರಿನಲ್ಲಿ ಇದರಿಂದ ಹೆಚ್ಚೆಂದರೆ ಒಂದೂವರೆ ನಿಮಿಷ ಉಳಿದೀತು. ಗಾಳಿಯನ್ನು ಸೀಳುವ ಚೌಕಟ್ಟು, ಚಕ್ರಗಳ ಮಾತೂ ಹೀಗೆಯೇ. ಗಾಳಿಯ ಪ್ರತಿರೋಧ ವೇಗದ ವರ್ಗದಂತೆ ಏರುತ್ತದೆ, 40 ಕಿ.ಮೀ. ವೇಗದಲ್ಲಿ ಎದುರಾಗುವ ಪ್ರತಿರೋಧದ ಏಳರಲ್ಲಿ ಒಂದು ಪಾಲಷ್ಟೇ 15 ಕಿ.ಮೀ. ವೇಗದಲ್ಲಿರುತ್ತದೆ. ಅಶೋಕ ಪಿಲ್ಲರಿನಿಂದ ಬನಶಂಕರಿ ದೇವಸ್ಥಾನದ ಕಡೆಗೆ ಬೆಳಗಿನ ಹೊತ್ತು ಹೊರಟವನ ವೇಗವನ್ನು ತೀರ್ಮಾನಿಸುವುದು ಕಾರ್ಬನ್ ಅಲ್ಲ, ಗಾಳಿಯೂ ಅಲ್ಲ. ಸಿಗ್ನಲ್, ಎಡಬದಿಗೆ ಸಾಲಾಗಿ ನಿಂತ ಕಾರು, ಎದುರು ದಿಕ್ಕಿನಿಂದ ನುಗ್ಗುವ ಸ್ಕೂಟರ್, ನಿಲ್ದಾಣ ಬಿಟ್ಟು ನಡುರಸ್ತೆಯಲ್ಲಿ ನಿಲ್ಲುವ ಬಸ್ಸು, ಕೇಬಲ್ ಹೂತ ಮೇಲೆ ಮುಚ್ಚದೆ ಬಿಟ್ಟ ಗುಂಡಿ ಇವು ತೀರ್ಮಾನಿಸುತ್ತವೆ. ಲಕ್ಷಗಟ್ಟಲೆ ರೂಪಾಯಿಯ ಸೈಕಲ್ ಆರು ಸಾವಿರದ ಸೈಕಲ್ಲಿನ ಪಕ್ಕದಲ್ಲಿಯೇ ಅದೇ ಸಿಗ್ನಲಿಗೆ ಕಾಯುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ನೆಲ ನಿಜವಾಗಿಯೂ ಡೊಂಕು. ಅದನ್ನು ಬಿಟ್ಟು ನಾವು ವರ್ಷವರ್ಷವೂ ಗೆಜ್ಜೆ ಬದಲಾಯಿಸುತ್ತಿದ್ದೇವೆ.

ಸುರಕ್ಷೆಯ ಸಲಕರಣೆಗೆ ಈ ಮಾತು ಅನ್ವಯಿಸುವುದಿಲ್ಲ, ಅದು ಜೀವದ ಪ್ರಶ್ನೆ ಎಂದು ಯಾರಾದರೂ ಹೇಳಬಹುದು. ಸರಿ, ಹೆಲ್ಮೆಟ್ಟನ್ನೇ ತೆಗೆದುಕೊಳ್ಳೋಣ. ಹಾಕಿಕೊಳ್ಳಬೇಕು, ಅದರಲ್ಲಿ ವಾದವಿಲ್ಲ. ಆದರೆ ಅದು ಏನು ಮಾಡುತ್ತದೆಂದು ಭರವಸೆ ಕೊಟ್ಟಿದೆ? ಯುರೋಪಿನ ಇಎನ್ 1078 ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಗಟ್ಟಿ ಮೇಲ್ಮೈಗೆ ಬೀಳಿಸಿ ಪರೀಕ್ಷಿಸುತ್ತಾರೆ. ತಾಗುವ ಹೊತ್ತಿನ ವೇಗ ಗಂಟೆಗೆ 20 ಕಿ.ಮೀ.ಗೆ ತುಸು ಕಡಿಮೆ. ಅಂದರೆ ಅದು ಸವಾರ ತಾನಾಗಿ ಉರುಳಿಬಿದ್ದರೆ ತಲೆ ಕಾಯಲು ರೂಪಿಸಿದ ವಸ್ತು. ಬನ್ನೇರುಘಟ್ಟ ರಸ್ತೆಯಲ್ಲಿ ಹಿಂದಿನಿಂದ ಬಂದು ಗುದ್ದುವ ನೀರಿನ ಟ್ಯಾಂಕರಿಗೆ ಅದು ಉತ್ತರವಲ್ಲ, ಉತ್ತರವೆಂದು ಅದರ ತಯಾರಕರೂ ಹೇಳಿಲ್ಲ. ಹಿಂಬದಿಯ ರೇಡಾರ್ ದೀಪದ ಕಥೆ ಇನ್ನೂ ಸ್ವಾರಸ್ಯದ್ದು. ಗಾರ್ಮಿನ್ ಕಂಪನಿಯ ರೇಡಾರ್ 140 ಮೀಟರ್ ದೂರದಿಂದಲೇ ಬರುವ ವಾಹನವನ್ನು ಗುರುತಿಸಿ ಎಚ್ಚರಿಸುತ್ತದೆ. ಖಾಲಿ ಹೆದ್ದಾರಿಯಲ್ಲಿ ಇದು ನಿಜಕ್ಕೂ ಉಪಕಾರಿ. ಬಿಟಿಎಂ ಲೇಔಟಿನ ಉಡುಪಿ ಗಾರ್ಡನ್ ವೃತ್ತದ ಬಳಿ 140 ಮೀಟರ್ ಹಿಂದೆ ವಾಹನವಿಲ್ಲದ ಗಳಿಗೆಯೇ ಇರುವುದಿಲ್ಲವಾಗಿ ಅದು ಒಂದೇ ಸಮನೆ ಕೂಗುತ್ತದೆ, ಸದಾ ಕೂಗುವ ಎಚ್ಚರಿಕೆ ಎಚ್ಚರಿಕೆಯಾಗಿ ಉಳಿಯುವುದಿಲ್ಲ. ಯಂತ್ರ ಕೆಟ್ಟದ್ದಲ್ಲ. ಮುಖ್ಯ ರಸ್ತೆಯಲ್ಲಿ ಸೈಕಲ್ಲಿಗೆ ಪ್ರತ್ಯೇಕ ಜಾಗ, ಬಡಾವಣೆಯ ಒಳರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಮಿತಿ ಇದ್ದಿದ್ದರೆ ಬೇಡವಾಗುತ್ತಿದ್ದ ಕೆಲಸವನ್ನು ಅದರ ತಲೆಗೆ ಕಟ್ಟಿದ್ದೇವೆ ಅಷ್ಟೆ. ಜನವಸತಿಯ ಬೀದಿಗಳಿಗೆ 30 ಕಿ.ಮೀ. ಮಿತಿ ಬೇಕೆಂಬುದು ಇಂದು ಯಾರದೋ ಹಂಬಲವಲ್ಲ. 2020ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಸೇರಿದ್ದ ಸ್ಟಾಕ್‌ಹೋಮ್ ರಸ್ತೆ ಸುರಕ್ಷಾ ಸಮ್ಮೇಳನದ ಘೋಷಣೆಯಲ್ಲಿಯೇ ಅದಿದೆ. ಹೆಲ್ಮೆಟ್ ಹಾಕುವವರು ತೀರ ಕಡಿಮೆಯಿರುವ ನೆದರ್ಲೆಂಡ್ಸ್ ಸೈಕಲ್ಲಿಗೆ ಜಗತ್ತಿನಲ್ಲಿಯೇ ಅತ್ಯಂತ ಸುರಕ್ಷಿತ ದೇಶಗಳಲ್ಲೊಂದು. ಅಲ್ಲಿನವರು ಓಡಿಸುವುದು ಭಾರದ, ನೆಟ್ಟಗೆ ಕೂರುವ, ನಮ್ಮ ತಾತಂದಿರ ಕಾಲದಂಥ ಸೈಕಲ್. 1970ರ ದಶಕದಲ್ಲಿ ಮಕ್ಕಳು ರಸ್ತೆಯಲ್ಲಿ ಸಾಯುವುದನ್ನು ನಿಲ್ಲಿಸಿ ಎಂದು ಅಲ್ಲಿನ ತಂದೆತಾಯಿಯರು ಬೀದಿಗಿಳಿದು ಸರ್ಕಾರವನ್ನು ಬಗ್ಗಿಸಿದ್ದರಿಂದ ಆದ ಬದಲಾವಣೆ ಅದು, ಹೊಸ ಸಲಕರಣೆಯಿಂದ ಆದದ್ದಲ್ಲ.

ಸಲಕರಣೆಯನ್ನು ಬಿಟ್ಟು ಚಟುವಟಿಕೆಗಳ ಕಡೆಗೆ ತಿರುಗಿದರೆ ಇದೇ ಪ್ರವೃತ್ತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಗೆದ್ದವೆಂದು ಎಣಿಸುವ ಚಟುವಟಿಕೆಗಳಲ್ಲಿ ಹೆಚ್ಚಿನವು ಬಡಾವಣೆಯ ರಸ್ತೆಯಿಂದ ತಪ್ಪಿಸಿಕೊಳ್ಳುವ ದಾರಿಗಳು. ಸ್ಮಾರ್ಟ್ ಟ್ರೇನರ್ ಮೇಲೆ ಸೈಕಲ್ ಕಟ್ಟಿ, ಜೆ.ಪಿ. ನಗರದ ಅಪಾರ್ಟ್‌ಮೆಂಟಿನೊಳಗೇ ಕೂತು, ಜ್ವಿಫ್ಟ್ ಆ್ಯಪಿನ ತೆರೆಯ ಮೇಲಿನ ವಟೋಪಿಯಾ ಎಂಬ ಇಲ್ಲದ ದ್ವೀಪದಲ್ಲಿ ಬೆವರು ಸುರಿಸುವುದು ಒಂದು. ಕಾರಿನ ಬೆನ್ನಿಗೆ ಸೈಕಲ್ ಕಟ್ಟಿ ನಸುಕಿನಲ್ಲಿ ಊರಿನ ಇನ್ನೊಂದು ತುದಿ ದಾಟಿ ನಂದಿ ಬೆಟ್ಟಕ್ಕೆ ಹೋಗುವುದು ಇನ್ನೊಂದು. ಸೈಕಲ್ ತುಳಿಯಲು ಕಾರು ಬೇಕಾದ ದಿನವೇ ಊರು ಸೈಕಲ್ಲನ್ನು ಸೋಲಿಸಿತು ಎಂದು ನಮಗೆ ಹೊಳೆಯಬೇಕಿತ್ತು. ಬದಲಿಗೆ ಕಾರಿನ ಕ್ಯಾರಿಯರಿಗೆ ಅಂಕ ಕೊಡುತ್ತ ಕೂತಿದ್ದೇವೆ. ತಪ್ಪಿಸಿಕೊಳ್ಳುವ ದಾರಿಗಳೂ ಒಂದೊಂದಾಗಿ ಮುಚ್ಚುತ್ತಿವೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋಗಳ ಜೊತೆಗೆ ಮೋಟರ್ ಇಲ್ಲದ ವಾಹನಗಳಿಗೂ ನಿಷೇಧ ಬಂತು. ರಾಮನಗರದ ಕಡೆಗೆ ಹೊರಡುತ್ತಿದ್ದ ದಕ್ಷಿಣದ ಸವಾರರಿಗೆ ಉಳಿದದ್ದು ಸರ್ವಿಸ್ ರಸ್ತೆ. ಬನಶಂಕರಿ ಆರನೇ ಹಂತದಾಚೆಯ ತುರಹಳ್ಳಿ ಕಾಡಿನ ಹಾದಿಗಳ ಕಥೆ ತುಸು ಬೇರೆ. ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ, 2021ರ ಆರಂಭದಲ್ಲಿ, ಸುತ್ತಲಿನ ನಿವಾಸಿಗಳು, ಹಕ್ಕಿ ನೋಡುವವರು, ಸೈಕಲ್ ಸವಾರರು ಒಟ್ಟಿಗೆ ದನಿಯೆತ್ತಿದರು, ಯೋಜನೆ ನಿಂತಿತು. ಆ ಕಾಡಿನ ಹಾದಿ ಉಳಿದದ್ದು ಒಳ್ಳೆಯ ಸಸ್ಪೆನ್ಷನ್ ಫೋರ್ಕಿನಿಂದಲ್ಲ, ಜನ ಗಟ್ಟಿಯಾಗಿ ಬೇಡ ಎಂದದ್ದರಿಂದ. ಇಷ್ಟು ಸ್ಪಷ್ಟವಾದ ಗೆಲುವನ್ನು ಸೈಕಲ್ ವಲಯದ ಯಾವ ವಾರ್ಷಿಕ ಪಟ್ಟಿಯೂ ಗೆಲುವೆಂದು ಎಣಿಸುವುದಿಲ್ಲ ಎಂಬುದೇ ನನ್ನ ದೂರು.

ಹವ್ಯಾಸವನ್ನು ಹವ್ಯಾಸವಾಗಿರಲು ಬಿಡಿ, ಪ್ರತಿಯೊಂದಕ್ಕೂ ಸಮಾಜದ ಭಾರ ಹೊರಿಸಬೇಡಿ ಎಂಬ ಆಕ್ಷೇಪಕ್ಕೆ ನ್ಯಾಯವಿದೆ. ಗಂಟೆಗಳ ಗಡುವಿನೊಳಗೆ ನೂರಾರು ಕಿಲೋಮೀಟರ್ ತುಳಿಯುವ ಬ್ರೆವೆ, ನಾಲ್ಕು ವರ್ಷಕ್ಕೊಮ್ಮೆ 90 ಗಂಟೆಯಲ್ಲಿ 1,200 ಕಿ.ಮೀ. ಮುಗಿಸಬೇಕಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್, 2008ರಲ್ಲಿ ಬೆಂಗಳೂರಿನ ಸವಾರರೇ ಆರಂಭಿಸಿದ ಟೂರ್ ಆಫ್ ನೀಲಗಿರೀಸ್ ಇವೆಲ್ಲ ಮನುಷ್ಯನ ತಾಳ್ಮೆಗೂ ದೇಹಬಲಕ್ಕೂ ಸಲ್ಲುವ ಗೌರವದ ಸಂಗತಿಗಳು. ಕುಸ್ತಿಪಟುವನ್ನು ನಿನ್ನಿಂದ ಊರಿಗೇನು ಲಾಭ ಎಂದು ಯಾರೂ ಕೇಳುವುದಿಲ್ಲ. ಆದರೆ ಕುಸ್ತಿ ಅಖಾಡದಲ್ಲಿ ನಡೆಯುತ್ತದೆ, ಸೈಕಲ್ ನಡೆಯುವುದು ಎಲ್ಲರ ರಸ್ತೆಯಲ್ಲಿ. ಜೊತೆಗೆ ಈ ಕ್ರೀಡೆ ತನ್ನನ್ನು ತಾನು ಬರೀ ಕ್ರೀಡೆ ಎಂದು ಎಂದೂ ಕರೆದುಕೊಂಡಿಲ್ಲ. ಪರಿಸರ, ಆರೋಗ್ಯ, ಸಂಚಾರ ದಟ್ಟಣೆಗೆ ಪರಿಹಾರ ಎಂಬ ಬ್ಯಾನರು ಪ್ರತಿ ಭಾನುವಾರದ ಸವಾರಿಯ ಮುಂದೆಯೂ ಇರುತ್ತದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಆರಂಭಿಸಿ ಮುಂದೆ ‘ಸಂಡೇಸ್ ಆನ್ ಸೈಕಲ್’ ಎಂದು ಹೆಸರಾದ ಅಭಿಯಾನಕ್ಕೂ ಇದೇ ಬ್ಯಾನರು. ಆ ಹೆಸರಿನಲ್ಲಿ ಮೆಚ್ಚುಗೆ ಪಡೆದ ಮೇಲೆ ಆ ಹೆಸರಿನಲ್ಲಿಯೇ ಲೆಕ್ಕವನ್ನೂ ಒಪ್ಪಿಸಬೇಕು. ಭಾನುವಾರ ಬೆಳಿಗ್ಗೆ ಒಂದೆರಡು ಗಂಟೆ ರಸ್ತೆ ಬಿಡಿಸಿಕೊಟ್ಟ ಪೊಲೀಸರು ಸೋಮವಾರ ಬೆಳಿಗ್ಗೆ ಅದೇ ರಸ್ತೆಯಲ್ಲಿ ಸೈಕಲ್ಲಿಗೆ ಒಂದೂವರೆ ಮೀಟರ್ ಜಾಗ ಬಿಡಿಸಿಕೊಡುವುದಿಲ್ಲವಾದರೆ, ಭಾನುವಾರದ ಕಾರ್ಯಕ್ರಮ ಸೈಕಲ್ಲನ್ನು ರಜಾದಿನದ ವಸ್ತುವೆಂದು ಊರಿಗೆ ಕಲಿಸಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ಜಯನಗರಕ್ಕೆ ಬಂದರೆ ಸಾಕ್ಷ್ಯ ಕಣ್ಣ ಮುಂದೆಯೇ ಇದೆ. 1948ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ ಈ ಬಡಾವಣೆಯಲ್ಲಿ ಅಗಲವಾದ ಮೇನ್ ರಸ್ತೆಗಳು, ಲೆಕ್ಕಕ್ಕೆ ಸಿಗುವ ಅಡ್ಡರಸ್ತೆಗಳು, ನೆರಳಿನ ಮರಗಳು, ಬಹುಮಟ್ಟಿಗೆ ಸಮತಟ್ಟಾದ ನೆಲ ಎಲ್ಲವೂ ಇವೆ. ಸೈಕಲ್ಲಿಗಾಗಿಯೇ ನಕ್ಷೆ ಬರೆಯಿರಿ ಎಂದರೂ ಇದಕ್ಕಿಂತ ಹೆಚ್ಚು ಬೇರೆಯಾಗಿ ಬರೆಯಲಾಗದು. 2012ರಲ್ಲಿ ಇಲ್ಲಿನ ರಸ್ತೆಗಳ ಬದಿಗೆ ಸುಮಾರು 45 ಕಿ.ಮೀ. ಉದ್ದದ ಸೈಕಲ್ ಪಥಗಳ ಜಾಲ ಗುರುತಿಸಿದರು. ದೇಶದಲ್ಲಿ ಇಷ್ಟು ದೊಡ್ಡ ಪ್ರಯತ್ನ ಆಗ ಅಪರೂಪ. ಸ್ವಲ್ಪ ಕಾಲದಲ್ಲಿಯೇ ಆ ಪಥಗಳ ಮೇಲೆ ಕಾರುಗಳು ನಿಂತವು, ಸ್ಕೂಟರುಗಳು ನಿಂತವು, ಕಟ್ಟಡ ಸಾಮಗ್ರಿಯ ರಾಶಿ ಬಿತ್ತು. ಬಣ್ಣ ಮಾಸಿತು, ಫಲಕಗಳು ಮರೆಯಾದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ 17 ಕಿ.ಮೀ. ಉದ್ದಕ್ಕೆ ಕಂಬ ನೆಟ್ಟು ಮಾಡಿದ ತಾತ್ಕಾಲಿಕ ಪಥವೂ ಮೆಟ್ರೋ ಕಾಮಗಾರಿಯಲ್ಲಿ, ಕಂಬ ಮುರಿದು ನುಗ್ಗಿದ ವಾಹನಗಳಲ್ಲಿ ಕರಗಿತು. ಸೈಕಲ್ಲಿಗೂ ಪಾದಚಾರಿಗೂ ರಸ್ತೆಯ ಮೇಲೆ ಕಾನೂನಿನ ಹಕ್ಕು ಕೊಡಲೆಂದು ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿದ ಸಕ್ರಿಯ ಸಂಚಾರ ಮಸೂದೆ ಕರಡಾಗಿಯೇ ಉಳಿಯಿತು. ಈ ಸೋಲುಗಳಲ್ಲಿ ಒಂದಾದರೂ ಸಲಕರಣೆಯ ಕೊರತೆಯಿಂದ ಆಯಿತೇ? ಪಥದ ಮೇಲಿನ ಕಾರನ್ನು ಎತ್ತಿಸುವ ಅಧಿಕಾರಿ ಇರಲಿಲ್ಲ. ಎತ್ತಿಸಿ ಎಂದು ಒತ್ತಾಯಿಸುವ ಸವಾರರ ಗುಂಪು ಅಷ್ಟು ಹೊತ್ತಿಗೆ ನಂದಿಯ ದಾರಿಯಲ್ಲಿತ್ತು.

ಪಥ ಮಾಡಿದಾಗಲೂ ಯಾರೂ ಬಳಸಲಿಲ್ಲವಲ್ಲ, ಬೇಡಿಕೆಯೇ ಇಲ್ಲದ ಮೇಲೆ ರಸ್ತೆ ಯಾಕೆ ವ್ಯರ್ಥ ಮಾಡಬೇಕು ಎಂಬುದು ಕಾರಿನವರ ಮಾತು ಮಾತ್ರವಲ್ಲ, ಎಷ್ಟೋ ಸವಾರರ ಮಾತೂ ಹೌದು. ಕಾರು ನಿಂತ ಪಥವನ್ನು ಯಾರು ಬಳಸಬೇಕು? ಬೇಡಿಕೆಯನ್ನು ಅಳೆಯಬೇಕಾದರೆ ಮೊದಲು ಪಥ ಪಥವಾಗಿರಬೇಕು, ನಡುನಡುವೆ ಕಡಿಯದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸಬೇಕು. ಸ್ಪೇನಿನ ಸೆವಿಲ್ ನಗರ ಇದನ್ನು ತೋರಿಸಿಕೊಟ್ಟಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಊರಿನಲ್ಲಿ 2006ರ ಸುಮಾರಿಗೆ ಸೈಕಲ್ ತುಳಿಯುವವರು ಲೆಕ್ಕಕ್ಕೇ ಬರುತ್ತಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ, ಕಾರು ನಿಲ್ಲಿಸುವ ಜಾಗವನ್ನೇ ಬಹುಪಾಲು ಬಿಡಿಸಿ, ರಸ್ತೆಯಿಂದ ಬೇರ್ಪಟ್ಟ, ಒಂದಕ್ಕೊಂದು ಕೂಡಿದ ನೂರು ಕಿ.ಮೀ. ಮೀರಿದ ಜಾಲ ಕಟ್ಟಿದರು. ಸೈಕಲ್ ಸಂಚಾರ ಹಲವು ಪಟ್ಟು ಏರಿತು. ಅಲ್ಲಿ ಬದಲಾದದ್ದು ರಸ್ತೆ, ಸೈಕಲ್ ಅಲ್ಲ. ವರ್ಷದ ಹೆಚ್ಚು ದಿನ ಹಿತವಾದ ಹವೆಯಿರುವ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರು ಹವಾಮಾನದ ನೆಪ ಹೇಳುವುದಂತೂ ಹಾಸ್ಯಾಸ್ಪದ.

ಬೇಡಿಕೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಮ್ಮ ಊರಿನಲ್ಲಿಯೇ, ಯಾರೂ ಯೋಜಿಸದೆ, ಒಂದು ಪ್ರಯೋಗ ನಡೆದುಹೋಗಿದೆ. 2020ರ ಲಾಕ್‌ಡೌನ್ ಸಡಿಲವಾದ ತಿಂಗಳುಗಳಲ್ಲಿ ಸೈಕಲ್ ಅಂಗಡಿಗಳಲ್ಲಿ ಮಾಲು ಸಿಗದಾಯಿತು. ಗೇರ್ ಸೈಕಲ್ಲಿಗೆ ಹೆಸರು ಬರೆಸಿ ವಾರಗಟ್ಟಲೆ ಕಾದರು. ಹೆಂಗಸರು, ಮಕ್ಕಳು, ಅರವತ್ತು ದಾಟಿದವರು ಅಡ್ಡರಸ್ತೆಗಳಲ್ಲಿ ಸೈಕಲ್ ಹತ್ತಿದರು. ಇದನ್ನು ಮಾರುಕಟ್ಟೆಯ ಗೆಲುವೆಂದು ಹಾಡಿ ಹೊಗಳಿದ್ದೂ ಆಯಿತು. ವಾಹನಗಳು ಮತ್ತೆ ರಸ್ತೆಗೆ ಬಂದವು, ಆ ಉಬ್ಬರ ಇಳಿಯಿತು. ಅದೇ ಸೈಕಲ್, ಅದೇ ಗೇರು, ಅದೇ ಮನೆ, ಅದೇ ಜನ. ನಡುವೆ ಬದಲಾದದ್ದು ರಸ್ತೆಯೊಂದೇ. ಒಳ್ಳೆಯ ಸಲಕರಣೆ ಕೊಂಡವರು ನಿತ್ಯದ ಸವಾರರಾಗುತ್ತಾರೆ ಎಂಬ ವಾದ ನಿಜವಾಗಿದ್ದರೆ ಆ ವರ್ಷ ಕೊಂಡವರು ಇಂದು ಬೀದಿ ತುಂಬ ಇರಬೇಕಿತ್ತು. ಬಾಡಿಗೆ ಸೈಕಲ್ಲುಗಳ ಪಾಡೂ ಇದನ್ನೇ ಹೇಳುತ್ತದೆ. 2017–18ರಲ್ಲಿ ಪೆಡ್ಲ್, ಯುಲು, ಓಲಾ ಪೆಡಲ್ ಎಂದು ಒಂದರ ಹಿಂದೊಂದು ಬಂದ ಸೇವೆಗಳಲ್ಲಿ ತಂತ್ರಜ್ಞಾನಕ್ಕೆ ಕೊರತೆಯಿರಲಿಲ್ಲ. ಮೊಬೈಲಿನಿಂದ ತೆರೆಯುವ ಬೀಗ, ಜಿಪಿಎಸ್, ಅರ್ಧ ಗಂಟೆಗೆ ಕೆಲವೇ ರೂಪಾಯಿ ಬಾಡಿಗೆ ಎಲ್ಲವೂ ಇತ್ತು. ಒಂದೆರಡು ವರ್ಷದಲ್ಲಿ ಪೆಡಲ್ ಸೈಕಲ್ಲುಗಳು ಮಾಯವಾದವು. ಉಳಿದ ಯುಲು ವಿದ್ಯುತ್ತಿಗೆ ತಿರುಗಿತು. ಇಂದು ಬಿಟಿಎಂ, ಮಡಿವಾಳದ ಬೀದಿಗಳಲ್ಲಿ ಕಾಣುವ ಅದರ ನೀಲಿ ಗಾಡಿಗಳಲ್ಲಿ ಎಷ್ಟೋ ಊಟ, ದಿನಸಿ ತಲುಪಿಸುವ ಹುಡುಗರ ಕೈಯಲ್ಲಿವೆ. ಕಳ್ಳತನ, ಜನರ ಬೇಜವಾಬ್ದಾರಿ ಎಂದು ಆ ಸೋಲಿಗೆ ಸಾವಿರ ಕಾರಣ ಹೇಳಿದರು. ಸೈಕಲ್ಲನ್ನು ತುಳಿಯಲು ಜಾಗವಿಲ್ಲದ ಊರಿನಲ್ಲಿ ಸೈಕಲ್ ಬಾಡಿಗೆಗೆ ಕೊಟ್ಟರೆ ಯಾರು ಹಿಡಿಯುತ್ತಾರೆ ಎಂಬ ಸರಳ ಕಾರಣ ಮಾತ್ರ ಹೊರಗುಳಿಯಿತು.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ರಸ್ತೆ ಎಷ್ಟೇ ಕೆಟ್ಟಿದ್ದರೂ ಸೈಕಲ್ ಬಿಡದವರು ದಕ್ಷಿಣ ಬೆಂಗಳೂರಿನಲ್ಲಿ ಸಾಕಷ್ಟು ಮಂದಿ ಇದ್ದಾರೆ: ನಸುಕಿಗೆ ಪೇಪರು ಹಾಕುವವರು, ಫ್ಲಾಸ್ಕು ಕಟ್ಟಿಕೊಂಡು ಟೀ ಮಾರುವವರು, ಕಟ್ಟಡದ ಕೆಲಸಕ್ಕೆ ಹೋಗುವವರು, ರಾತ್ರಿ ಪಾಳಿಯ ಸೆಕ್ಯುರಿಟಿಯವರು. 2011ರ ಜನಗಣತಿ ಮೊದಲ ಬಾರಿಗೆ ಕೆಲಸಕ್ಕೆ ಹೋಗುವ ಬಗೆಯನ್ನು ಕೇಳಿದಾಗ, ಕೃಷಿ ಮತ್ತು ಮನೆಕೈಗಾರಿಕೆಯ ಹೊರಗಿನ ದುಡಿಮೆಗಾರರಲ್ಲಿ ದೇಶದಾದ್ಯಂತ ಶೇ. 13ರಷ್ಟು ಜನ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಮ್ಮ ವಾರ್ಷಿಕ ಸೋಲು ಗೆಲುವಿನ ಲೆಕ್ಕದಲ್ಲಿ ಇವರು ಸವಾರರೇ ಅಲ್ಲ. ಇವರ ಕ್ಯಾರಿಯರು, ಇವರ ಸ್ಟ್ಯಾಂಡು, ಇವರ ಬ್ರೇಕ್ ಕಟ್ಟೆ ಯಾರ ವಿಮರ್ಶೆಗೂ ಬರುವುದಿಲ್ಲ. ಶ್ರೀಮಂತರು ಸೈಕಲ್ ಹತ್ತಿದರೆ ಅದಕ್ಕೆ ಮರ್ಯಾದೆ ಬರುತ್ತದೆ, ಆಮೇಲೆ ಸರ್ಕಾರ ಕಣ್ಣು ತೆರೆಯುತ್ತದೆ ಎಂದು ವಾದಿಸುವವರಿದ್ದಾರೆ. ಈ ಮರ್ಯಾದೆಗಾಗಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಾದದ್ದಾಗಿದೆ. ಮರ್ಯಾದೆ ಬಂದದ್ದು ಸೈಕಲ್ಲಿನ ಬೆಲೆಗೆ. ಟೀ ಮಾರುವವನ ಸೈಕಲ್ಲಿಗೆ ರಸ್ತೆಯ ಅಂಚಿನಲ್ಲಿಯೂ ಬರಲಿಲ್ಲ.

ಮರ್ಯಾದೆಗಿಂತ ಸಂಖ್ಯೆ ದೊಡ್ಡದು ಎಂಬುದಕ್ಕೆ ಪುರಾವೆ ಇದೆ. ಪೀಟರ್ ಜೇಕಬ್‌ಸೆನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ, ರಸ್ತೆಯಲ್ಲಿ ಸೈಕಲ್ ಮತ್ತು ಪಾದಚಾರಿಗಳು ಹೆಚ್ಚಿದಷ್ಟೂ ಒಬ್ಬೊಬ್ಬರಿಗೆ ಒದಗುವ ಅಪಾಯ ಕಡಿಮೆಯಾಗುತ್ತದೆ ಎಂದು ತೋರಿಸಿತು. ಭಾರತದ್ದೇ ಸಾಕ್ಷಿ ಬೇಕೆಂದರೆ ಬಿಹಾರಕ್ಕೆ ಹೋಗಬೇಕು. ಅಲ್ಲಿ 2006ರಿಂದ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನದ ಪ್ರಕಾರ ಹುಡುಗಿಯರು ಪ್ರೌಢಶಾಲೆಗೆ ಸೇರುವುದು ಇದರಿಂದ ಶೇ. 32ರಷ್ಟು ಏರಿತು, ಹೆಚ್ಚಿನ ಪರಿಣಾಮ ಕಂಡದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಗುಂಪಾಗಿ ಹೋಗುವುದರಿಂದ ಬಂದ ಧೈರ್ಯವನ್ನೂ ಆ ಅಧ್ಯಯನ ಗುರುತಿಸುತ್ತದೆ. ಕರ್ನಾಟಕವೂ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಕೋವಿಡ್ ಕಾಲದಲ್ಲಿ ನಿಂತಿತು. ಇಲ್ಲಿಯೂ ಸೈಕಲ್ ಎಂಬ ಸಲಕರಣೆಯೇ ಕೆಲಸ ಮಾಡಿತಲ್ಲ ಎಂದು ಕೇಳಬಹುದು. ಮಾಡಿತು, ನಿಜ. ಗೇರಿಲ್ಲದ, ಸಾವಿರಗಳ ಲೆಕ್ಕದ ಸೈಕಲ್ ಮಾಡಿತು. ಎಲ್ಲರ ಕೈಗೂ ಒಮ್ಮೆಗೇ ಸಿಕ್ಕಿದ್ದರಿಂದ, ತುಳಿಯಬಹುದಾದ ರಸ್ತೆ ಇದ್ದದ್ದರಿಂದ ಮಾಡಿತು. ಒಬ್ಬೊಬ್ಬರೂ ತಮ್ಮ ತಮ್ಮ ಸೈಕಲ್ಲನ್ನು ಮೇಲ್ದರ್ಜೆಗೇರಿಸುತ್ತ ಹೋಗುವುದು ಇದರ ನೇರ ಎದುರು ದಿಕ್ಕು.

2025ರ ದೊಡ್ಡ ಸಿಹಿಸುದ್ದಿ ಎಂದು ಎಲ್ಲರೂ ಎಣಿಸಿದ್ದು ತೆರಿಗೆ ಇಳಿಕೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಬಂತು. ಒಳ್ಳೆಯದೇ. 2019ರಿಂದಲೂ ವಿದ್ಯುತ್ ಕಾರಿಗೆ ಶೇ. 5 ಹಾಕಿ, ತುಳಿಯುವ ಸೈಕಲ್ಲಿಗೆ 12 ಹಾಕಿಕೊಂಡು ಬಂದ ಅನ್ಯಾಯ ತೊಲಗಿತು. ಆದರೆ ಲೆಕ್ಕ ಬಿಡಿಸಿ ನೋಡಿ. ತೆರಿಗೆಗೆ ಮುನ್ನ 6,000 ರೂಪಾಯಿಯ ಸೈಕಲ್ ಕೊಳ್ಳುವವನಿಗೆ ಉಳಿದದ್ದು 420 ರೂಪಾಯಿ. 4 ಲಕ್ಷದ ಸೈಕಲ್ ಕೊಳ್ಳುವವನಿಗೆ 28,000. ಅದೇ ದಿನ ಸಣ್ಣ ಕಾರುಗಳ ಮತ್ತು 350 ಸಿಸಿವರೆಗಿನ ಬೈಕುಗಳ ತೆರಿಗೆಯೂ ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮುನ್ನ 80,000 ರೂಪಾಯಿಯ ಸ್ಕೂಟರ್ 8,000 ರೂಪಾಯಿ ಅಗ್ಗವಾಯಿತು. ಅಡ್ಡರಸ್ತೆಗೆ ಇನ್ನಷ್ಟು ಸ್ಕೂಟರು, ಪಥದ ಮೇಲೆ ಇನ್ನಷ್ಟು ಕಾರು. ಸೈಕಲ್ಲನ್ನು ಕೊಳ್ಳುವ ವಸ್ತುವಾಗಿ ಮಾತ್ರ ನೋಡುವ ಕಣ್ಣಿಗೆ ಇದು ಗೆಲುವು, ರಸ್ತೆಯಿಂದ ನೋಡಿದರೆ ಹಾಗಲ್ಲ.

ಸಲಕರಣೆಯೇ ಬೇಡವೆಂದು ಈ ವಾದದ ಅರ್ಥವಲ್ಲ. ಅಳತೆಗೋಲು ಬದಲಾದರೆ ಗೆದ್ದವುಗಳ ಪಟ್ಟಿಯೂ ಬದಲಾಗುತ್ತದೆ, ಅಷ್ಟೆ. 40 ಮಿ.ಮೀ. ಅಗಲದ ಟೈರು ಗುಂಡಿಯ ರಸ್ತೆಯಲ್ಲಿ ಗೆಲ್ಲುತ್ತದೆ, 25 ಮಿ.ಮೀ. ಟೈರು ಸೋಲುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆಯಲ್ಲಿ ಆಫೀಸಿನ ಬಟ್ಟೆ ಕಾಯುವ ಪೂರ್ತಿ ಮಡ್‌ಗಾರ್ಡು, ಟಿಫಿನ್ ಡಬ್ಬಿಯನ್ನೂ ತರಕಾರಿ ಚೀಲವನ್ನೂ ಹೊರುವ ಕ್ಯಾರಿಯರು, ಡೈನಮೋ ಕಾಲದ ಮಂಕು ಬೆಳಕನ್ನು ಮರೆಸಿದ ಎಲ್‌ಇಡಿ ದೀಪ, ಸದ್ದು ಮಾಡುವ ಬೆಲ್ಲು, ಗಟ್ಟಿ ಬೀಗ ಇವೆಲ್ಲ ಗೆದ್ದ ಸರಕು. ಮೂಲೆಯ ಪಂಕ್ಚರ್ ಅಂಗಡಿಯವನು ರಿಪೇರಿ ಮಾಡಬಲ್ಲನೇ ಎಂಬುದು ಒಳ್ಳೆಯ ಪರೀಕ್ಷೆ; ಅಡಾಪ್ಟರ್ ಇಲ್ಲದೆ ಗಾಳಿ ಹಿಡಿಯದ ಪ್ರೆಸ್ಟಾ ವಾಲ್ವು ಆ ಪರೀಕ್ಷೆಯಲ್ಲಿ ಮೊದಲ ದಿನವೇ ಸೋಲುತ್ತದೆ. ಮಡಚುವ ಸೈಕಲ್ ಗೆಲ್ಲಬಹುದಿತ್ತು. ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ 19 ಕಿ.ಮೀ. ಹಳದಿ ಮೆಟ್ರೋ ಮಾರ್ಗ 2025ರ ಆಗಸ್ಟಿನಲ್ಲಿ ತೆರೆದ ಮೇಲೆ, ದಕ್ಷಿಣದ ಎಷ್ಟೋ ಮನೆಗಳು ನಿಲ್ದಾಣದಿಂದ ಹತ್ತು ನಿಮಿಷದ ಸೈಕಲ್ ದೂರಕ್ಕೆ ಬಂದಿವೆ. ಆದರೆ 2020ರಲ್ಲಿ ಮೆಟ್ರೋ ನಿಗಮ ಮಡಚಿದ ಸೈಕಲ್ಲಿಗೆ ಅನುಮತಿ ಕೊಟ್ಟಾಗ ವಿಧಿಸಿದ ಅಳತೆ 60×45×25 ಸೆಂ.ಮೀ. ಮಡಚಿದಾಗ ಅತ್ಯಂತ ಚಿಕ್ಕದಾಗುವ ಸೈಕಲ್ಲುಗಳಲ್ಲಿ ಹೆಸರಾದ ಬ್ರಾಂಪ್ಟನ್ ಕೂಡ 58×56×27 ಸೆಂ.ಮೀ. ಆಸುಪಾಸಿನದು. ಇಲ್ಲಿ ಸೋತದ್ದು ಸೈಕಲ್ಲೇ, ನಿಯಮವೇ? ಬದಲಾಗಬೇಕಾದದ್ದು ನಿಯಮ, ಅದರ ಜೊತೆಗೆ ಪ್ರತಿ ನಿಲ್ದಾಣದಲ್ಲಿ ಕಾವಲಿರುವ, ಸೂರಿರುವ ಸೈಕಲ್ ಸ್ಟ್ಯಾಂಡು.

ಇಷ್ಟಾದ ಮೇಲೆ ಉಳಿಯುವ ಆಕ್ಷೇಪ ಒಂದೇ: ರಸ್ತೆ ಸರಿಮಾಡುವುದು ನಮ್ಮ ಕೈಯಲ್ಲಿಲ್ಲ, ಸೈಕಲ್ ಸರಿಮಾಡಿಕೊಳ್ಳುವುದಾದರೂ ಇದೆ. ಬೆಂಗಳೂರಿನ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಂದಿನಿಂದ ವಾರ್ಡಿನಲ್ಲಿ ಕೇಳಲು ಕಾರ್ಪೊರೇಟರೇ ಇಲ್ಲದ ಸ್ಥಿತಿಯಲ್ಲಿ ಈ ನಿರಾಸೆ ಸಹಜ. ಆದರೆ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಬಂದಿವೆ, ಅವುಗಳಿಗೆ ಚುನಾವಣೆ ನಡೆಯಲೇಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕೊರೆಯಲು ಹೊರಟಿರುವ ಸುರಂಗ ರಸ್ತೆಗೆ ಸಾವಿರಾರು ಕೋಟಿ ರೂಪಾಯಿಗಳ ಅಂದಾಜು ಸಿದ್ಧವಿರುವ ಊರಿನಲ್ಲಿ, ಸೈಕಲ್ ಪಥದ ಮೇಲಿನ ಕಾರು ತೆಗೆಸಲು ಹಣವಿಲ್ಲವೆಂಬ ಮಾತನ್ನು ಯಾರೂ ನಂಬಬೇಕಿಲ್ಲ. ಕೇಳಬೇಕಾದ್ದು ದೊಡ್ಡದೇನಲ್ಲ: ಜಯನಗರದ ಹಳೆಯ ಜಾಲದಲ್ಲಿ ಕೆಲವು ಮೇನ್ ರಸ್ತೆಗಳಾದರೂ ಸಿಮೆಂಟಿನ ಅಂಚುಕಟ್ಟೆಯಿಂದ ಬೇರ್ಪಟ್ಟು ಮರಳಿ ಬರಲಿ, ಒಳರಸ್ತೆಗಳಿಗೆ 30 ಕಿ.ಮೀ. ಮಿತಿ ಬರಲಿ, ಶಾಲೆಗಳ ಮುಂದೆ ಅದನ್ನು ಉಬ್ಬುಗಳಿಂದ ಜಾರಿಮಾಡಲಿ. ಪಥದ ಮೇಲೆ ವಾಹನ ನಿಲ್ಲಿಸಿದರೆ ಎತ್ತಿಕೊಂಡು ಹೋಗಲಿ. ಹಳದಿ ಮಾರ್ಗದ ನಿಲ್ದಾಣಗಳಿಗೆ ಬಡಾವಣೆಯೊಳಗಿಂದ ಕಡಿಯದ ದಾರಿ ಸಿಗಲಿ. ಕಾರ್ಬನ್ ಚಕ್ರದ ಗುಣದೋಷವನ್ನು ತಿಂಗಳುಗಟ್ಟಲೆ ಚರ್ಚಿಸುವ ಓದು, ಇಂಗ್ಲಿಷ್, ಕೆಲಸ, ಪರಿಚಯ ಎಲ್ಲವೂ ಇರುವ ದಕ್ಷಿಣ ಬೆಂಗಳೂರಿನ ಸವಾರರಿಗೆ ವಾರ್ಡ್ ಕಚೇರಿಯ ದಾರಿ ಕಷ್ಟವಲ್ಲ. ಮತ ಕೇಳಲು ಬರುವ ಅಭ್ಯರ್ಥಿ ಈ ನಾಲ್ಕರಲ್ಲಿ ಯಾವುದನ್ನು, ಯಾವ ತಾರೀಖಿನೊಳಗೆ ಮಾಡುತ್ತಾನೆಂದು ಬರೆದು ಕೊಡಲಿ. ಮುಂದಿನ ವರ್ಷದ ಸೋಲು ಗೆಲುವಿನ ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಆ ಉತ್ತರ. ಟೈರು, ಗೇರುಗಳ ಸರದಿ ಅದರ ನಂತರ.